ಸ್ಲೈಡ್ ಕೆಟ್ಟಿದ್ದರೆ ಡಬ್ಬಿಯಿಂದ ಹುಡುಕಿ: ಟಿಶ್ಯೂ ಫಿಕ್ಸೇಶನ್ ದೋಷ ನಿವಾರಣೆ

ಪೆಥಾಲಜಿ ಲ್ಯಾಬ್‌ಗಳಲ್ಲಿ ಆಗಾಗ ಕೇಳಿಬರುವ ದೂರು ಇದು: "ನ್ಯೂಕ್ಲಿಯಸ್ ಮಸುಕಾಗಿದೆ, ಸ್ಟೇನ್ ಸರಿ ಬಂದಿಲ್ಲ, ಇನ್ನೊಂದು ಸೆಕ್ಷನ್ ಕೊಡಿ." ಕೂಡಲೇ ನ್ಯೂಕ್ಲಿಯಸ್‌ಗೆ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಬದಲಾಗುತ್ತದೆ. ಅದರಿಂದ ಆಗಲಿಲ್ಲ ಎಂದರೆ ಟಿಶ್ಯೂವನ್ನು ತೆಳು ಪದರವಾಗಿ (ಸೆಕ್ಷನ್) ಕೊಯ್ಯುವ ಮೈಕ್ರೋಟೋಮ್ ಬ್ಲೇಡ್ ಬೈಸಿಕೊಳ್ಳುತ್ತದೆ. ಕೊನೆಗೆ ಯಾರಾದರೂ "ಈ ಫಾರ್ಮಾಲಿನ್ನೇ ಬೇಡ, ಬೇರೆ ಫಿಕ್ಸೇಟಿವ್ ತರಿಸೋಣ" ಅನ್ನುತ್ತಾರೆ. (ಟಿಶ್ಯೂ ಕೊಳೆಯದಂತೆ ಇದ್ದ ಹಾಗೇ ಉಳಿಸುವ ದ್ರಾವಣವೇ ಫಿಕ್ಸೇಟಿವ್. ಫಾರ್ಮಾಲಿನ್ ಅಂದರೆ ನೀರಿನಲ್ಲಿ ಕರಗಿಸಿದ ಫಾರ್ಮಾಲ್ಡಿಹೈಡ್.) ಹುಡುಕುವ ಈ ಸರದಿಯೇ ತಲೆಕೆಳಗು. ಟಿಶ್ಯೂ ದೇಹದಿಂದ ಹೊರಬಂದ ಮೊದಲ ಕೆಲವು ಗಂಟೆಗಳಲ್ಲಿ ಆದ ಹಾನಿ ಆಮೇಲೆ ಯಾವ ಸ್ಟೇನ್‌ನಿಂದಲೂ ಸರಿಹೋಗುವುದಿಲ್ಲ. ಆದರೆ ಆ ಹಾನಿ ಫಿಕ್ಸೇಟಿವ್‌ನಿಂದ ಆದದ್ದೋ, ಅದನ್ನು ಬಳಸಿದ ರೀತಿಯಿಂದ ಆದದ್ದೋ ಅಂತ ಬಿಡಿಸಿ ನೋಡದೆ ದ್ರಾವಣ ಬದಲಿಸಿದರೆ ಹಳೇ ದೋಷ ಉಳಿಯುತ್ತದೆ, ಅದರ ಮೇಲೆ ಹೊಸದೊಂದು ಸೇರುತ್ತದೆ.

ಮೊದಲು ಸ್ಟೇನನ್ನು ಬದಿಗಿಡಿ

ಚೆನ್ನಾಗಿ ಬಂದಿರುವ ಹಳೇ ಬ್ಲಾಕ್ (ಮೇಣದಲ್ಲಿ ಕೂರಿಸಿದ ಟಿಶ್ಯೂ) ಒಂದನ್ನು ಹೋಲಿಕೆಗೆ ಕಂಟ್ರೋಲ್ ಅಂತ ತೆಗೆದಿಟ್ಟುಕೊಳ್ಳಿ. ಟಾನ್ಸಿಲ್ ಅಥವಾ ಅಪೆಂಡಿಕ್ಸ್ ಸಾಕು. ಅದರ ಸೆಕ್ಷನ್ ಮತ್ತು ಕೆಟ್ಟ ಬ್ಲಾಕಿನ ಸೆಕ್ಷನ್ ಎರಡನ್ನೂ ಒಂದೇ ರ‍್ಯಾಕ್‌ನಲ್ಲಿ ಸ್ಟೇನ್ ಮಾಡಿ. ಕಂಟ್ರೋಲ್ ಚೆನ್ನಾಗಿ ಬಂದು ಇದು ಮಾತ್ರ ಮಸುಕಾಗಿದ್ದರೆ ಹೆಮಟಾಕ್ಸಿಲಿನ್‌ದು ತಪ್ಪಲ್ಲ. ಎರಡೂ ಕೆಟ್ಟಿದ್ದರೆ ಈ ಕೈಪಿಡಿ ಮುಚ್ಚಿ, ಸ್ಟೇನ್ ಬಾಟಲಿ ನೋಡಿ.

ಆಮೇಲೆ 4ಎಕ್ಸ್ ಲೆನ್ಸ್‌ನಲ್ಲಿ ಇಡೀ ಸೆಕ್ಷನ್ ಮೇಲೆ ಕಣ್ಣಾಡಿಸಿ. ಜಾಸ್ತಿ ಜನ ನೇರ 40ಕ್ಕೆ ಹೋಗಿ ನ್ಯೂಕ್ಲಿಯಸ್ ನೋಡುತ್ತಾರೆ. ದೋಷ ಏನು ಅಂತ ಅಲ್ಲಿ ಗೊತ್ತಾಗಬಹುದು, ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ದೋಷ ಹರಡಿರುವ ರೀತಿಯಿಂದ. ಅಂಚು ಚೆನ್ನಾಗಿದ್ದು ನಡುಭಾಗ ಕೆಟ್ಟಿದ್ದರೆ ಫಿಕ್ಸೇಟಿವ್ ಒಳಗೆ ತಲುಪಿಲ್ಲ. ಎಲ್ಲಾ ಕಡೆ ಒಂದೇ ಸಮ ಕೆಟ್ಟಿದ್ದರೆ ತಡವಾಗಿದೆ, ಇಲ್ಲವೇ ಡಬ್ಬಿಯಲ್ಲಿದ್ದದ್ದು ಫಿಕ್ಸೇಟಿವ್ವೇ ಅಲ್ಲ. ಅಂಚು ಮಾತ್ರ ಕಪ್ಪಾಗಿ ಒಣಗಿ ಒಳಗೆಲ್ಲ ಸರಿಯಿದ್ದರೆ ಡಬ್ಬಿಗೆ ಬೀಳುವ ಮುಂಚೆ ಅದು ಗಾಜ್ ಬಟ್ಟೆ ಮೇಲೆ ಫ್ಯಾನ್ ಗಾಳಿಗೆ ಕೂತಿತ್ತು. ಈ ಮೂರನೆಯದಕ್ಕೆ ಆಪರೇಶನ್ ಥಿಯೇಟರ್ (ಓಟಿ) ಸಿಸ್ಟರ್ ಜೊತೆ ಒಂದು ಮಾತು ಸಾಕು.

ನಡುಭಾಗ ಕೆಟ್ಟಿದ್ದರೆ

ಎಲ್ಲಕ್ಕಿಂತ ಹೆಚ್ಚು ಸಿಗುವ ದೋಷ ಇದೇ. ಬೋಂಡಾ ಹೊರಗೆ ಕೆಂಪಗಾಗಿ ಒಳಗೆ ಹಿಟ್ಟು ಹಸಿಯಾಗಿ ಉಳಿದ ಹಾಗೆ. ಅಂಚಿನಲ್ಲಿ ನ್ಯೂಕ್ಲಿಯಸ್ ಗೆರೆ ಕೊರೆದಂತೆ ಕಾಣುತ್ತದೆ. ಒಳಗೆ ಹೋದಂತೆ ಕ್ರೊಮ್ಯಾಟಿನ್ (ನ್ಯೂಕ್ಲಿಯಸ್ಸಿನಲ್ಲಿ ಡಿಎನ್‌ಎ ಇರುವ ವಸ್ತು) ಮಂಜಾಗುತ್ತದೆ, ಜೀವಕೋಶಗಳು ಕುಗ್ಗಿ ನಡುವೆ ಬಿರುಕು ಬಿಡುತ್ತವೆ, ಕೆಲವು ನ್ಯೂಕ್ಲಿಯಸ್ ಒಳಗೆ ಸೋಪಿನ ಗುಳ್ಳೆಯಂಥ ಗುಳ್ಳೆ ಕಾಣುತ್ತದೆ.

ಕಾರಣ ಇಷ್ಟು. ಫಾರ್ಮಾಲಿನ್ ಒಳಗೆ ಹೋಗುವ ಆಳ ಕಾಲಕ್ಕೆ ಸರಿಯಾಗಿ ಏರುವುದಿಲ್ಲ, ಕಾಲದ ವರ್ಗಮೂಲಕ್ಕೆ ಸರಿಯಾಗಿ ಏರುತ್ತದೆ. ಇದನ್ನು 1941ರಲ್ಲಿ ಅಳೆದು ತೋರಿಸಿದವರು ಪೀಟರ್ ಮೆಡಾವರ್, ಮುಂದೆ ಇಮ್ಯುನಾಲಜಿಗೆ ನೊಬೆಲ್ ಪಡೆದವರೇ. ಲೆಕ್ಕಕ್ಕೆ ಸುಲಭವಾಗಲಿ ಅಂತ ಮೊದಲ ಗಂಟೆಗೆ 1 ಮಿಲಿಮೀಟರ್ ಎಂದಿಟ್ಟುಕೊಳ್ಳಿ. 2 ಮಿಲಿಮೀಟರ್‌ಗೆ 4 ಗಂಟೆ ಬೇಕು, 5 ಮಿಲಿಮೀಟರ್‌ಗೆ 25 ಗಂಟೆ, 10 ಮಿಲಿಮೀಟರ್‌ಗೆ 100 ಗಂಟೆ. 2 ಸೆಂಟಿಮೀಟರ್ ದಪ್ಪದ ಗರ್ಭಕೋಶದ ಗೋಡೆಯನ್ನು ಕೊಯ್ಯದೆ ಹಾಗೇ ಮುಳುಗಿಸಿಟ್ಟರೆ, ಎರಡೂ ಕಡೆಯಿಂದ ದ್ರಾವಣ ಹೋದರೂ ನಡುಭಾಗ ಮುಟ್ಟಲು ನಾಲ್ಕು ದಿನ ದಾಟುತ್ತದೆ. ಅಷ್ಟರಲ್ಲಿ ಅಲ್ಲಿನ ಜೀವಕೋಶ ತನ್ನನ್ನು ತಾನೇ ಜೀರ್ಣಿಸಿಕೊಂಡಿರುತ್ತದೆ.

ಇನ್ನೊಂದು ವಿಷಯ ಜಾಸ್ತಿ ಜನರ ಗಮನಕ್ಕೆ ಬರುವುದಿಲ್ಲ. ಒಳಗೆ ಹೋಗುವುದು ಬೇರೆ, ಫಿಕ್ಸ್ ಮಾಡುವುದು ಬೇರೆ. ನೀರಿನಲ್ಲಿ ಫಾರ್ಮಾಲ್ಡಿಹೈಡ್‌ನ ಬಹುಪಾಲು ಮಿಥಿಲೀನ್ ಗ್ಲೈಕಾಲ್ ರೂಪದಲ್ಲಿರುತ್ತದೆ. ಟಿಶ್ಯೂ ಒಳಗೆ ನುಗ್ಗುವುದು ಅದು. ಪ್ರೋಟೀನ್‌ಗಳನ್ನು ಒಂದಕ್ಕೊಂದು ಕಟ್ಟುವುದು ಮಾತ್ರ ಅಲ್ಪ ಪ್ರಮಾಣದಲ್ಲಿರುವ ನಿಜವಾದ ಫಾರ್ಮಾಲ್ಡಿಹೈಡ್. ಅದು ಖರ್ಚಾದ ಹಾಗೆ ಗ್ಲೈಕಾಲ್‌ನಿಂದ ಮತ್ತೆ ಹುಟ್ಟಿ ಬರಬೇಕು. ಹಾಗಾಗಿ ಸಣ್ಣ ಎಂಡೋಸ್ಕೋಪಿ ಬಯಾಪ್ಸಿ ಆದರೂ, ಒದ್ದೆಯಾಗಲು ಹತ್ತು ನಿಮಿಷ ಸಾಕು, ಫಿಕ್ಸ್ ಆಗಲು ಗಂಟೆಗಳು ಬೇಕು. ಅವಸರದಲ್ಲಿ ಅದೇ ಸಂಜೆ, ಟಿಶ್ಯೂವಿನ ನೀರು ತೆಗೆದು ಮೇಣ ತುಂಬುವ ಪ್ರೊಸೆಸರ್‌ಗೆ ಹಾಕಿದರೆ ಅರ್ಧ ಕೆಲಸ ಫಾರ್ಮಾಲಿನ್ ಮಾಡಿರುತ್ತದೆ, ಉಳಿದದ್ದನ್ನು ಮುಂದಿನ ಡಬ್ಬದ ಆಲ್ಕೊಹಾಲ್ ತನ್ನ ರೀತಿಯಲ್ಲಿ ಮುಗಿಸುತ್ತದೆ. ಸ್ಲೈಡಿನಲ್ಲಿ ನೀವು ನೋಡುವ ಅಂಚು ಫಾರ್ಮಾಲಿನ್‌ನದು, ನಡುಭಾಗ ಆಲ್ಕೊಹಾಲ್‌ನದು.

ಸ್ಯಾಂಪಲ್ ಕೊಯ್ದು ತುಂಡು ಆರಿಸುವ ಗ್ರಾಸಿಂಗ್ ಟೇಬಲ್ ಮೇಲೇ ಇದನ್ನು ಹಿಡಿಯಬಹುದು. ಸ್ಯಾಂಪಲ್ ಕೊಯ್ದು ಒಳಮೈ ನೋಡಿ. ಫಿಕ್ಸ್ ಆದದ್ದು ಬೂದು-ಕಂದು ಬಣ್ಣಕ್ಕೆ ತಿರುಗಿ ರಬ್ಬರಿನ ಗಟ್ಟಿತನಕ್ಕೆ ಬಂದಿರುತ್ತದೆ. ಆಗದ ಭಾಗ ಇನ್ನೂ ನಸುಗೆಂಪು, ಮೆತ್ತಗೆ, ಕೈಗವಸಿನ ಬೆರಳಲ್ಲಿ ಒತ್ತಿದರೆ ತೆಳು ರಕ್ತ ಒಸರುತ್ತದೆ. ಎರಡರ ನಡುವಿನ ಗೆರೆ ಬರಿಗಣ್ಣಿಗೇ ಕಾಣುತ್ತದೆ. ಆ ಗೆರೆ ಕಂಡರೆ ಅವತ್ತು ಕ್ಯಾಸೆಟ್ (ತುಂಡನ್ನು ಪ್ರೊಸೆಸರ್ ಒಳಗೆ ಇಡುವ ಪುಟ್ಟ ಪೆಟ್ಟಿಗೆ) ತುಂಬಬೇಡಿ. ಅರ್ಧ ಸೆಂಟಿಮೀಟರ್‌ನಿಂದ ಒಂದು ಸೆಂಟಿಮೀಟರ್ ದಪ್ಪಕ್ಕೆ ಹೋಳು ಮಾಡಿ, ಹೋಳುಗಳ ನಡುವೆ ಗಾಜ್ ಅಥವಾ ಟಿಶ್ಯೂ ಪೇಪರ್ ಇಟ್ಟು, ಹೊಸ ಫಾರ್ಮಾಲಿನ್‌ನಲ್ಲಿ ರಾತ್ರಿಯಿಡೀ ಬಿಡಿ. ಕೊಬ್ಬು ಜಾಸ್ತಿ ಇರುವ ಸ್ತನದ ಸ್ಯಾಂಪಲ್‌ಗೆ ಇದು ಕಡ್ಡಾಯ ಎಂದೇ ಇಟ್ಟುಕೊಳ್ಳಿ. ಕರುಳನ್ನು ಉದ್ದಕ್ಕೆ ಬಿಡಿಸಿ ತೊಳೆದು ಇಡಬೇಕು. ಗರ್ಭಕೋಶವನ್ನು ಎರಡು ಹೋಳಾಗಿ ತೆರೆಯಬೇಕು. ಆದರೆ ಮಾರ್ಜಿನ್ (ಸರ್ಜನ್ ಕೊಯ್ದ ಅಂಚು) ನೋಡಬೇಕಾದ ಕ್ಯಾನ್ಸರ್ ಸ್ಯಾಂಪಲ್‌ಗೆ ಮೊದಲು ಇಂಕ್ ಹಚ್ಚಿ, ಆಮೇಲೆ ಕೊಯ್ಯಿರಿ. ಆ ಕೆಲಸ ಪೆಥಾಲಜಿಯವರದೇ, ವಾರ್ಡಿನವರದಲ್ಲ.

ಕ್ಯಾಸೆಟ್‌ಗೆ ಹೋಗುವ ತುಂಡು 3ರಿಂದ 4 ಮಿಲಿಮೀಟರ್ ದಾಟಬಾರದು. ಮುಚ್ಚಳ ಒತ್ತಿ ಹಾಕಬೇಕಾಯಿತು ಅಂದರೆ ತುಂಡು ದಪ್ಪವಾಯಿತು ಅಂತಲೇ ಅರ್ಥ.

ಈಗಾಗಲೇ ಕೆಟ್ಟಿರುವ ಬ್ಲಾಕಿಗೆ ಮದ್ದಿಲ್ಲ. ಕರಗಿಸಿ ಮತ್ತೆ ಪ್ರೊಸೆಸ್ ಮಾಡಿದರೆ ಬಿರುಕು ಕಡಿಮೆಯಾಗಬಹುದು, ಕಳೆದ ಕ್ರೊಮ್ಯಾಟಿನ್ ವಾಪಸ್ ಬರುವುದಿಲ್ಲ. ಡಬ್ಬಿಯಲ್ಲಿ ಮಿಕ್ಕ ಟಿಶ್ಯೂ ಇರುತ್ತದಲ್ವಾ, ಅದು ಈಗ ಚೆನ್ನಾಗಿ ಫಿಕ್ಸ್ ಆಗಿರುತ್ತದೆ. ಅಲ್ಲಿಂದ ಹೊಸ ತುಂಡು ತೆಗೆಯಿರಿ.

ಎಲ್ಲಾ ಕಡೆ ಕೆಟ್ಟಿದ್ದರೆ

ಇಲ್ಲಿ ಮೊದಲ ಪ್ರಶ್ನೆ: ಇದು ಕೊಳೆತದ್ದೋ, ರೋಗದಿಂದಲೇ ಸತ್ತದ್ದೋ? ರೋಗದಿಂದ ಸತ್ತದ್ದು, ಅಂದರೆ ನೆಕ್ರೋಸಿಸ್ ಆದರೆ ಸುತ್ತ ಉರಿಯೂತದ ಕೋಶಗಳಿರುತ್ತವೆ, ಸತ್ತ ಭಾಗ ಮತ್ತು ಬದುಕಿದ ಭಾಗದ ನಡುವೆ ಗಡಿ ಇರುತ್ತದೆ. ತನ್ನನ್ನು ತಾನೇ ಜೀರ್ಣಿಸಿಕೊಂಡು ಕೊಳೆತದ್ದಕ್ಕೆ, ಅಂದರೆ ಆಟೊಲಿಸಿಸ್‌ಗೆ ಗಡಿಯೂ ಇಲ್ಲ, ಉರಿಯೂತವೂ ಇಲ್ಲ. ಎಪಿಥೀಲಿಯಂ (ಅಂಗದ ಮೈ ಹೊದಿಸುವ ಕೋಶಗಳು) ಪದರವಾಗಿ ಕಿತ್ತು ಒಳಗಿನ ಜಾಗಕ್ಕೆ ಬಿದ್ದಿರುತ್ತದೆ, ಕೆಳಗಿನ ನಾರಿನ ಅಂಶ ಮಾತ್ರ ನೆಟ್ಟಗಿರುತ್ತದೆ. ಮೇದೋಜೀರಕ ಗ್ರಂಥಿ ಮತ್ತು ಕರುಳಿನ ಒಳಪದರ ಎಲ್ಲಕ್ಕಿಂತ ಬೇಗ ಹೋಗುತ್ತವೆ, ಚರ್ಮ ಬಹಳ ಹೊತ್ತು ತಡೆಯುತ್ತದೆ.

ಆಟೊಲಿಸಿಸ್ ಅಂತ ಖಚಿತವಾದರೆ ಡಬ್ಬಿಯನ್ನೇ ವಿಚಾರಿಸಿ. ತಾಲ್ಲೂಕು ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಂದ ರೋಗಿಯ ಮನೆಯವರ ಕೈಯಲ್ಲೇ ಸ್ಯಾಂಪಲ್ ಬರುವುದು ನಮ್ಮಲ್ಲಿ ಮಾಮೂಲು. ಬಸ್ಸಿನಲ್ಲಿ ಕಾಲಬುಡದಲ್ಲಿಟ್ಟುಕೊಂಡು ಬಂದ ಪ್ಲಾಸ್ಟಿಕ್ ಬಾಟಲಿಯ ಬಾಯಿ ಎರಡು ಬೆರಳಗಲ. ಹಾಕುವಾಗ ಮೆತ್ತಗಿದ್ದ ಗರ್ಭಕೋಶ ಸಲೀಸಾಗಿ ಇಳಿದಿರುತ್ತದೆ. ಫಿಕ್ಸ್ ಆಗಿ ಗಟ್ಟಿಯಾದ ಮೇಲೆ ಬಾಟಲಿಯನ್ನೇ ಕೊಯ್ಯಬೇಕು. ಅದೂ ದ್ರಾವಣ ಮುಕ್ಕಾಲು ಮುಳುಗುವಷ್ಟು ಮಾತ್ರ. ಬೇಕಾದದ್ದು ಟಿಶ್ಯೂವಿನ ಹತ್ತರಿಂದ ಇಪ್ಪತ್ತು ಪಟ್ಟು ಫಾರ್ಮಾಲಿನ್. ದೊಡ್ಡ ಸ್ಯಾಂಪಲ್‌ಗೆ ಅಷ್ಟು ಹಾಕಲು ಆಗದಿದ್ದರೆ ರಕ್ತ ಕಂಡ ಕೂಡಲೇ ದ್ರಾವಣ ಬದಲಿಸಿ.

ದ್ರಾವಣ ಫಾರ್ಮಾಲಿನ್ ಹೌದೋ ಅಲ್ಲವೋ ಅನ್ನೋ ಅನುಮಾನವೂ ಬರುತ್ತದೆ. ಸಲೈನ್, ನಲ್ಲಿ ನೀರು, ಸ್ಪಿರಿಟ್ ಯಾವುದೂ ಇರಬಹುದು. ಮೂಸಿ ನೋಡುವ ಚಾಳಿ ಬಿಡಿ. ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಸೇರಿಸಿದೆ. ಪಿಎಎಸ್ ಸ್ಟೇನ್ (ಗ್ಲೈಕೋಜನ್‌ನಂಥ ಸಕ್ಕರೆ ಅಂಶ ತೋರಿಸುವ ಬಣ್ಣ) ಮಾಡುವ ಲ್ಯಾಬಿನಲ್ಲಿ ಆಲ್ಡಿಹೈಡ್ ಸಿಕ್ಕರೆ ಬಣ್ಣ ಬರುವ ಶಿಫ್ ದ್ರಾವಣ ಇದ್ದೇ ಇರುತ್ತದೆ. ಸ್ವಲ್ಪ ಶಿಫ್‌ಗೆ ಡಬ್ಬಿಯ ದ್ರಾವಣ ಒಂದೆರಡು ಹನಿ ಬಿಡಿ. ಫಾರ್ಮಾಲಿನ್ ಆದರೆ ಬೇಗನೆ ಕೆನ್ನೇರಳೆ ಬಣ್ಣಕ್ಕೆ ತಿರುಗುತ್ತದೆ.

ಓಟಿಯಲ್ಲಿ ಫಾರ್ಮಾಲಿನ್ ಮುಗಿದಿದೆ, ನಾಳೆ ಬರುತ್ತದೆ ಅನ್ನೋ ಪರಿಸ್ಥಿತಿಯಲ್ಲಿ ಸ್ಯಾಂಪಲನ್ನು ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಡಿ. ಫ್ರೀಜರ್‌ನಲ್ಲಿ ಬೇಡ. ನಿಧಾನವಾಗಿ ಹೆಪ್ಪುಗಟ್ಟಿದ ನೀರಿನ ಹರಳು ಟಿಶ್ಯೂ ತುಂಬ ತೂತು ಮಾಡುತ್ತದೆ, ಆಮೇಲೆ ಯಾರೂ ಏನೂ ಮಾಡಲಾಗದು.

ಕಂದು-ಕಪ್ಪು ಕಣಗಳು

ಸ್ಪ್ಲೀನ್, ಪ್ಲಾಸೆಂಟಾ, ರಕ್ತ ತುಂಬಿದ ಲಿವರ್. ಇವುಗಳ ಸೆಕ್ಷನ್ ಮೇಲೆ ಪುಡಿ ಉದುರಿಸಿದಂತೆ ಕಂದು-ಕಪ್ಪು ಕಣ ಕಂಡರೆ ಹೆಚ್ಚಾಗಿ ಅದು ಫಾರ್ಮಾಲಿನ್ ಪಿಗ್ಮೆಂಟ್. ಗಾಳಿ ತಾಗುತ್ತಾ ಹಳೆಯದಾದ ಫಾರ್ಮಾಲಿನ್‌ನಲ್ಲಿ ಫಾರ್ಮಿಕ್ ಆ್ಯಸಿಡ್ ಹುಟ್ಟಿ ಪಿಎಚ್ 6ಕ್ಕಿಂತ ಕೆಳಗಿಳಿಯುತ್ತದೆ. ಆಗ ಹಿಮೊಗ್ಲೋಬಿನ್‌ನ ಹೀಮ್ ಜೊತೆ ಸೇರಿ ಈ ಕಣಗಳಾಗುತ್ತವೆ.

ಮಲೇರಿಯಾ ಕಾಣುವ ಕಡೆಯ ಲ್ಯಾಬಿನವರಿಗೆ ಇಲ್ಲೊಂದು ತಲೆನೋವಿದೆ. ಮಲೇರಿಯಾ ಪಿಗ್ಮೆಂಟೂ ಹೀಮ್‌ನಿಂದಲೇ ಆದದ್ದು. ಬಣ್ಣ ಅದೇ, ಪೋಲರೈಸರ್ ಹಾಕಿದರೆ ಎರಡೂ ಹೊಳೆಯುತ್ತವೆ, ಪಿಕ್ರಿಕ್ ಆ್ಯಸಿಡ್‌ನಲ್ಲಿ ಎರಡೂ ಹೋಗುತ್ತವೆ. ಗರ್ಭಿಣಿಗೆ ಮಲೇರಿಯಾ ಇತ್ತೇ ಅಂತ ಪ್ಲಾಸೆಂಟಾ ನೋಡುವಾಗ ಹಳೇ ಫಾರ್ಮಾಲಿನ್ ಬಳಸಿದ್ದರೆ ಕಥೆ ಮುಗಿಯಿತು. ಗುರುತು ಹಿಡಿಯುವುದು ಜಾಗದಿಂದ. ಫೈನ್ ಫೋಕಸ್ ತಿರುಗಿಸುತ್ತಾ ನೋಡಿ. ಫಾರ್ಮಾಲಿನ್ ಕಣ ಜೀವಕೋಶದ ಮೇಲಿನ ಮಟ್ಟದಲ್ಲಿ, ರಕ್ತ ನಿಂತ ಕಡೆಯೆಲ್ಲ ಬೇಕಾಬಿಟ್ಟಿ ಬಿದ್ದಿರುತ್ತದೆ. ಮಲೇರಿಯಾದ್ದು ಪರಾವಲಂಬಿ ಹೊಕ್ಕ ಕೆಂಪು ರಕ್ತಕಣದ ಒಳಗೆ, ಕಸ ನುಂಗುವ ಕೋಶವಾದ ಮ್ಯಾಕ್ರೊಫೇಜ್ ಒಳಗೆ ಇರುತ್ತದೆ. ಆಲ್ಕೊಹಾಲ್‌ನಲ್ಲಿ ಮಾಡಿದ ಸ್ಯಾಚುರೇಟೆಡ್ ಪಿಕ್ರಿಕ್ ಆ್ಯಸಿಡ್‌ನಲ್ಲಿಟ್ಟರೆ ಫಾರ್ಮಾಲಿನ್‌ನದು ಬೇಗ ಹೋಗುತ್ತದೆ. ಮಲೇರಿಯಾದ್ದಕ್ಕೆ ಅರ್ಧ ದಿನದಿಂದ ಒಂದು ದಿನ ಬೇಕಾಗುತ್ತದೆ. ಕಬ್ಬಿಣ ತೋರಿಸುವ ಪರ್ಲ್ಸ್ ಸ್ಟೇನ್‌ನಲ್ಲಿ ನೀಲಿಯಾದರೆ ಎರಡೂ ಅಲ್ಲ, ಅದು ಹಿಮೋಸಿಡರಿನ್.

ಪರಿಹಾರ ಬಫರ್, ಅಂದರೆ ಪಿಎಚ್ ಏರಿಳಿಯದಂತೆ ಹಿಡಿದಿಡುವ ಉಪ್ಪುಗಳು. ಒಂದು ಲೀಟರಿಗೆ: ಬಾಟಲಿಯ ಫಾರ್ಮಾಲಿನ್ 100 ಮಿಲಿ, ಡಿಸ್ಟಿಲ್ಡ್ ನೀರು 900 ಮಿಲಿ, ಸೋಡಿಯಂ ಡೈಹೈಡ್ರೊಜನ್ ಫಾಸ್ಫೇಟ್ ಮೊನೊಹೈಡ್ರೇಟ್ 4 ಗ್ರಾಂ, ನೀರಿನಂಶವಿಲ್ಲದ ಡೈಸೋಡಿಯಂ ಹೈಡ್ರೊಜನ್ ಫಾಸ್ಫೇಟ್ 6.5 ಗ್ರಾಂ. ಪಿಎಚ್ 7ರ ಆಸುಪಾಸು ಬರಬೇಕು. ಬರಲಿಲ್ಲ ಎಂದರೆ ಎರಡನೇ ಉಪ್ಪಿನ ಲೇಬಲ್ ಓದಿ. ಡೈಹೈಡ್ರೇಟ್ ಆದರೆ ಸುಮಾರು 8.1 ಗ್ರಾಂ, ಡೋಡೆಕಾಹೈಡ್ರೇಟ್ ಆದರೆ ಸುಮಾರು 16.4 ಗ್ರಾಂ ಬೇಕು. ಲೇಬಲ್ ನೋಡದೆ 6.5 ಹಾಕಿದರೆ ಬಫರ್ ಆ್ಯಸಿಡ್ ಕಡೆಗೆ ವಾಲುತ್ತದೆ. ಬೋರ್‌ವೆಲ್ ನೀರು ಬಳಸಿದರೆ ಅದರ ಕ್ಯಾಲ್ಸಿಯಂ ಫಾಸ್ಫೇಟನ್ನು ಹಿಡಿದು ತಳಕ್ಕೆ ಕೂರಿಸುತ್ತದೆ.

ಇನ್ನೊಂದು ಗೊಂದಲ: ಶೇ. 10 ಫಾರ್ಮಾಲಿನ್ ಅಂದರೆ ಶೇ. 10 ಫಾರ್ಮಾಲ್ಡಿಹೈಡ್ ಅಲ್ಲ. ಬಾಟಲಿಯಲ್ಲಿರುವುದೇ ಶೇ. 37ರಿಂದ 40, ಅದನ್ನು ಹತ್ತು ಪಟ್ಟು ತೆಳು ಮಾಡಿದರೆ ಸಿಗುವುದು ಸುಮಾರು ಶೇ. 4. ಒಂದಕ್ಕೆ ಮೂರು ಪಾಲು ನೀರು ಬೆರೆಸಿ "ಹತ್ತು ಪರ್ಸೆಂಟ್" ಮಾಡುವವರ ಸ್ಯಾಂಪಲ್ ಅನಾವಶ್ಯಕವಾಗಿ ಗಟ್ಟಿಯಾಗಿ ಕುಗ್ಗಿರುತ್ತದೆ. ಚಳಿಗಾಲದಲ್ಲಿ ಸ್ಟಾಕ್ ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಅದು ಪ್ಯಾರಾಫಾರ್ಮಾಲ್ಡಿಹೈಡ್. ಅಷ್ಟರ ಮಟ್ಟಿಗೆ ಮೇಲಿನ ದ್ರಾವಣ ತೆಳುವಾಗಿದೆ ಅಂತ ಅರ್ಥ.

ಇಷ್ಟೆಲ್ಲ ನೋಡಿದ ಮೇಲೂ ಫಿಕ್ಸೇಟಿವ್ ಬದಲಿಸಬೇಕೆ?

ಕೆಲವು ಟಿಶ್ಯೂಗೆ ಹೌದು. ಆದರೆ ಪ್ರತಿ ಫಿಕ್ಸೇಟಿವ್ ತನ್ನದೇ ದೋಷ ಬಿಟ್ಟುಹೋಗುತ್ತದೆ. ಯಾವ ದೋಷ ನಿಮಗೆ ಪರವಾಗಿಲ್ಲ ಅನ್ನೋದೇ ಆಯ್ಕೆ.

ಬೂಯಾಂ ದ್ರಾವಣ (ಸ್ಯಾಚುರೇಟೆಡ್ ಪಿಕ್ರಿಕ್ ಆ್ಯಸಿಡ್ 75, ಫಾರ್ಮಾಲಿನ್ 25, ಗ್ಲೇಶಿಯಲ್ ಅಸಿಟಿಕ್ ಆ್ಯಸಿಡ್ 5 ಪಾಲು) ವೃಷಣದ ಬಯಾಪ್ಸಿಗೆ ಬಹಳ ಒಳ್ಳೆಯದು. ವೀರ್ಯಾಣು ಬೆಳೆಯುವ ಹಂತಗಳನ್ನು ಫಾರ್ಮಾಲಿನ್‌ಗಿಂತ ಬಿಡಿಬಿಡಿಯಾಗಿ ತೋರಿಸುತ್ತದೆ. ಆದರೆ ಕೆಂಪು ರಕ್ತಕಣ ಒಡೆಯುತ್ತದೆ, ಡಿಎನ್‌ಎ ತುಂಡಾಗುತ್ತದೆ, ಮುಂದೆ ಪಿಸಿಆರ್ ಬೇಕೆಂದರೆ ಕಷ್ಟ. ಒಂದು ದಿನಕ್ಕಿಂತ ಜಾಸ್ತಿ ಬಿಟ್ಟರೆ ಟಿಶ್ಯೂ ಪುಡಿಪುಡಿ. ಬೂಯಾಂನಲ್ಲಿಟ್ಟ ಟಿಶ್ಯೂವಿನ ಸ್ಲೈಡ್ ಕೆಲ ಕಾಲದ ಮೇಲೆ ಬಣ್ಣ ಕಳೆದುಕೊಂಡಿದೆ ಅನ್ನೋ ದೂರು ಬಂದರೆ ಹಳದಿ ಪೂರ್ತಿ ತೊಳೆದಿಲ್ಲ ಅಂತ ತಿಳಿಯಿರಿ. ಶೇ. 70 ಆಲ್ಕೊಹಾಲ್‌ನಲ್ಲಿ ಹಳದಿ ಬಿಡುವುದು ನಿಲ್ಲುವ ತನಕ ತೊಳೆಯಬೇಕು. ಪಿಕ್ರಿಕ್ ಆ್ಯಸಿಡ್ ಒಣಗಿದರೆ ಸಿಡಿಮದ್ದು. ಹಳೇ ಬಾಟಲಿಯ ಮುಚ್ಚಳದ ಸುತ್ತ ಹಳದಿ ಪುಡಿ ಕಟ್ಟಿದ್ದರೆ ತಿರುಗಿಸಬೇಡಿ.

ಕಾರ್ನಾಯ್ (ಆಲ್ಕೊಹಾಲ್ 60, ಕ್ಲೋರೋಫಾರ್ಮ್ 30, ಅಸಿಟಿಕ್ ಆ್ಯಸಿಡ್ 10) ಒಂದೆರಡು ಗಂಟೆಯಲ್ಲಿ ಕೆಲಸ ಮುಗಿಸುತ್ತದೆ, ಗ್ಲೈಕೋಜನ್ ಉಳಿಸುತ್ತದೆ. ಕೊಬ್ಬು ಕರಗಿಸುವುದು ಅದರ ದೋಷ. ಕರುಳಿನ ಕ್ಯಾನ್ಸರ್‌ನಲ್ಲಿ ಕೊಬ್ಬಿನೊಳಗಿನ ಸಣ್ಣ ಲಿಂಫ್ ನೋಡ್ ಹುಡುಕುವಾಗ ಅದೇ ಗುಣವಾಗುತ್ತದೆ. ಬರೀ ಆಲ್ಕೊಹಾಲ್ ಸೈಟಾಲಜಿ (ಬಿಡಿ ಕೋಶಗಳ ಪರೀಕ್ಷೆ) ಸ್ಮಿಯರ್‌ಗೆ ಸರಿ. ತುಂಡು ಟಿಶ್ಯೂಗೆ ಹಾಕಿದರೆ ಕುಗ್ಗುತ್ತದೆ, ಗ್ಲೈಕೋಜನ್ ಜೀವಕೋಶದ ಒಂದು ಪಕ್ಕಕ್ಕೆ ತಳ್ಳಿಹೋಗುತ್ತದೆ. ಗೌಟ್ ಗಂಟು ಮಾತ್ರ ಆಲ್ಕೊಹಾಲ್‌ನಲ್ಲೇ ಬರಬೇಕು. ಯೂರೇಟ್ ಹರಳು ಫಾರ್ಮಾಲಿನ್ ನೀರಿನಲ್ಲಿ ಕರಗಿ, ಸ್ಲೈಡಿನಲ್ಲಿ ಖಾಲಿ ಜಾಗ ಉಳಿಯುತ್ತದೆ.

ಪಾದರಸದ ಝೆಂಕರ್, ಬಿ-5 ನ್ಯೂಕ್ಲಿಯಸ್ ತೋರಿಸುವುದರಲ್ಲಿ ಎತ್ತಿದ ಕೈ. ಲಿಂಫ್ ನೋಡ್, ಬೋನ್ ಮ್ಯಾರೋಗೆ ಒಂದು ಕಾಲದಲ್ಲಿ ಇದೇ ಬೇಕಿತ್ತು. ಪಾದರಸದ ಮೇಲಿನ 2013ರ ಮಿನಮಾಟಾ ಒಪ್ಪಂದ ಬಂದ ಮೇಲೆ ಇವನ್ನು ಹೊಸದಾಗಿ ಶುರು ಮಾಡುವ ಮಾತೇ ಇಲ್ಲ. ಝಿಂಕ್ ಫಾರ್ಮಾಲಿನ್ ಆ ಜಾಗ ತುಂಬುತ್ತದೆ. ಗ್ಲುಟಾರಾಲ್ಡಿಹೈಡ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಮಾತ್ರ, ಅದೂ 1 ಮಿಲಿಮೀಟರ್ ಚೂರಿಗೆ. ಅದರಲ್ಲಿಟ್ಟ ಟಿಶ್ಯೂಗೆ ಪಿಎಎಸ್ ಹಾಕಿದರೆ ಎಲ್ಲವೂ ಕೆಂಪು, ಯಾಕಂದರೆ ಉಳಿದ ಆಲ್ಡಿಹೈಡ್ ಶಿಫ್ ಜೊತೆ ಸೇರುತ್ತದೆ. ನಮ್ಮ ದೇಶದ ಡೆಂಟಲ್ ಕಾಲೇಜುಗಳಲ್ಲಿ ಬೆಲ್ಲದ ದ್ರಾವಣ, ಜೇನುತುಪ್ಪವನ್ನೂ ಫಿಕ್ಸೇಟಿವ್ ಆಗಿ ಪರೀಕ್ಷಿಸಿದ್ದಾರೆ. ಸಣ್ಣ ತುಂಡಿಗೆ ಫಲಿತಾಂಶ ಪರವಾಗಿಲ್ಲ. ರೋಗಿಯ ಏಕೈಕ ಬಯಾಪ್ಸಿಯನ್ನು ಅದರಲ್ಲಿಡಲು ನನಗಂತೂ ಧೈರ್ಯ ಬರುವುದಿಲ್ಲ.

ಹೋಲಿಸಿ ನೋಡಬೇಕೆಂದಿದ್ದರೆ ಬೆಳಿಗ್ಗೆ ಮಟನ್ ಅಂಗಡಿಯಿಂದ ಬಿಸಿ ಆರದ ಮೇಕೆ ಕಿಡ್ನಿ, ಲಿವರ್ ತನ್ನಿ. ಒಂದೇ ದಪ್ಪದ ಹೋಳು, ಒಂದೇ ಸಮಯ, ಬೇರೆ ಬೇರೆ ದ್ರಾವಣ. ಎಲ್ಲವನ್ನೂ ಒಂದೇ ರ‍್ಯಾಕ್‌ನಲ್ಲಿ ಸ್ಟೇನ್ ಮಾಡಿ, ಹೆಸರು ಮುಚ್ಚಿ ಪೆಥಾಲಜಿಸ್ಟ್‌ಗೆ ಕೊಡಿ. ಆದರೆ ತೀರ್ಪು ಕೇಳುವಾಗ ಒಂದು ನೆನಪಿರಲಿ. 1893ರಲ್ಲಿ ಫ್ರಾಂಕ್‌ಫರ್ಟಿನ ಫರ್ಡಿನಾಂಡ್ ಬ್ಲೂಮ್ ತಮ್ಮ ಬೆರಳಿನ ಚರ್ಮ ಗಟ್ಟಿಯಾದದ್ದನ್ನು ಕಂಡು ಫಾರ್ಮಾಲಿನ್ ಫಿಕ್ಸೇಟಿವ್ ಎಂದು ಗುರುತಿಸಿದಾಗಿನಿಂದ ನಮ್ಮ ಕಣ್ಣು ಪಳಗಿರುವುದೇ ಅದರ ಚಿತ್ರಕ್ಕೆ. ಥೈರಾಯ್ಡ್‌ನ ಪ್ಯಾಪಿಲರಿ ಕ್ಯಾನ್ಸರ್‌ನಲ್ಲಿ ನಾವು ಹುಡುಕುವ ಖಾಲಿ ಖಾಲಿ ನ್ಯೂಕ್ಲಿಯಸ್ ಫಾರ್ಮಾಲಿನ್ ಮತ್ತು ಪ್ಯಾರಾಫಿನ್ ತಂದ ರೂಪ. ಫಿಕ್ಸ್ ಮಾಡದೆ ಹೆಪ್ಪುಗಟ್ಟಿಸಿ ಕೊಯ್ದ ಫ್ರೋಜನ್ ಸೆಕ್ಷನ್‌ನಲ್ಲಿ ಅದು ಸಾಮಾನ್ಯವಾಗಿ ಕಾಣುವುದಿಲ್ಲ. ಹೊಸ ದ್ರಾವಣದಲ್ಲಿ ಅದು ಕಾಣದೆ ಹೋದರೆ ದೋಷ ದ್ರಾವಣದ್ದೇ ಅಂತ ಹೇಗೆ ಹೇಳುವುದು?

ಫಾರ್ಮಾಲಿನ್ ಹಾಕಿದ್ದೇ ದೋಷವಾದಾಗ

ಟಿಬಿ ಕಲ್ಚರ್‌ಗೆ ಕಳಿಸಿದ ತುಂಡು ಫಾರ್ಮಾಲಿನ್‌ನಲ್ಲಿ ಬಂದರೆ ಬ್ಯಾಕ್ಟೀರಿಯಾ ಸತ್ತೇ ಬಂದಿರುತ್ತದೆ. ಕಲ್ಚರ್‌ಗೆ ಸಲೈನ್. ಕಿಡ್ನಿ ಮತ್ತು ಚರ್ಮದ ಇಮ್ಯುನೊಫ್ಲೋರೆಸೆನ್ಸ್ (ಹೊಳೆಯುವ ಆ್ಯಂಟಿಬಾಡಿ) ಪರೀಕ್ಷೆಗೆ ಮೈಕೆಲ್ ದ್ರಾವಣ. ಫ್ರೋಜನ್ ಸೆಕ್ಷನ್, ಫ್ಲೋ ಸೈಟೋಮೆಟ್ರಿಗೆ ತಾಜಾ ಟಿಶ್ಯೂ. ಬಯಾಪ್ಸಿ ತೆಗೆಯುವ ಮುಂಚೆ ಎಷ್ಟು ಡಬ್ಬಿ ಬೇಕು ಅಂತ ಡಾಕ್ಟರನ್ನು ಕೇಳಿದರೆ ಈ ಪುಟ ಓದುವ ಅಗತ್ಯವೇ ಬರುವುದಿಲ್ಲ.

ಐಎಚ್‌ಸಿ ಅನಿರೀಕ್ಷಿತವಾಗಿ ನೆಗೆಟಿವ್ ಬಂದರೆ

ಐಎಚ್‌ಸಿ ಅಂದರೆ ಒಂದು ಪ್ರೋಟೀನ್ ಇದೆಯೇ ಅಂತ ಆ್ಯಂಟಿಬಾಡಿ ಬಳಸಿ ಬಣ್ಣದಲ್ಲಿ ತೋರಿಸುವ ಪರೀಕ್ಷೆ. ಸ್ತನ ಕ್ಯಾನ್ಸರ್‌ನಲ್ಲಿ ಇಆರ್ (ಈಸ್ಟ್ರೊಜನ್ ರಿಸೆಪ್ಟರ್) ನೆಗೆಟಿವ್ ಬಂದಿದೆ ಎನ್ನಿ. ರಿಪೋರ್ಟ್ ಹೊರಡುವ ಮುಂಚೆ ಅದೇ ಸ್ಲೈಡಿನ ಮಾಮೂಲಿ ಡಕ್ಟ್ (ಹಾಲಿನ ನಾಳ) ನೋಡಿ. ಅಲ್ಲಿನ ಕೆಲವು ಕೋಶಗಳಾದರೂ ಕಂದು ಬಣ್ಣಕ್ಕೆ ಬಂದಿರಬೇಕು. ಅವೂ ಖಾಲಿಯಿದ್ದರೆ ಈ ನೆಗೆಟಿವ್ ನಂಬುವಂಥದ್ದಲ್ಲ. ಅಂಚಿನ ಡಕ್ಟ್ ಪಾಸಿಟಿವ್, ನಡುವಿನದು ನೆಗೆಟಿವ್ ಆಗಿದ್ದರೆ ಮೇಲೆ ಹೇಳಿದ ಬೋಂಡಾ ದೋಷವೇ. ಅಮೆರಿಕದ ಕ್ಲಿನಿಕಲ್ ಆಂಕಾಲಜಿ ಮತ್ತು ಪೆಥಾಲಜಿ ಸಂಘಟನೆಗಳ ಮಾರ್ಗಸೂಚಿಯನ್ನು ನಮ್ಮಲ್ಲೂ ಬಳಸುತ್ತಾರೆ. ಅದರ ಪ್ರಕಾರ ಸ್ಯಾಂಪಲ್ ತೆಗೆದ ಒಂದು ಗಂಟೆಯೊಳಗೆ ಬಫರ್ ಇರುವ ಫಾರ್ಮಾಲಿನ್‌ಗೆ ಬೀಳಬೇಕು, ಅಲ್ಲಿ 6ರಿಂದ 72 ಗಂಟೆ ಇರಬೇಕು. ಆಲ್ಕೊಹಾಲ್ ಅಥವಾ ಬೂಯಾಂನಲ್ಲಿ ಬಂದ ಸ್ತನದ ಸ್ಯಾಂಪಲ್‌ಗೆ ನಿಮ್ಮ ಲ್ಯಾಬಿನ ಮಾಮೂಲಿ ಐಎಚ್‌ಸಿ ವಿಧಾನ ಅನ್ವಯಿಸುವುದಿಲ್ಲ. ಬೇರೆಯಾಗಿ ವ್ಯಾಲಿಡೇಟ್ ಮಾಡಿರಬೇಕು.

ಶನಿವಾರದ ಆಪರೇಶನ್ನಿನ ಸ್ಯಾಂಪಲ್ ಸೋಮವಾರ ಬಂದಾಗ ಈ ಲೆಕ್ಕ ಯಾರ ಬಳಿಯೂ ಇರುವುದಿಲ್ಲ. ರಿಕ್ವೆಸ್ಟ್ ಫಾರ್ಮಿನಲ್ಲಿ ಎರಡು ಖಾನೆ ಹಾಕಿಸಿ: ತೆಗೆದ ಸಮಯ, ಫಾರ್ಮಾಲಿನ್‌ಗೆ ಹಾಕಿದ ಸಮಯ. ಖಾಲಿ ಬಂದರೆ ಆ ಓಟಿಗೆ ಫೋನ್ ಮಾಡಿ, ಹೇಳಿದ ಸಮಯವನ್ನೂ ಹೇಳಿದವರ ಹೆಸರನ್ನೂ ಫಾರ್ಮ್ ಮೇಲೆಯೇ ಬರೆದುಕೊಳ್ಳಿ.